ಮೂರಿಂಚು ಬೂಟು, ಬಂಡಳ್ಳಿಯ ಬಾಗಿಲು

ನನ್ನ ಎತ್ತರ ಐದಡಿ ಎರಡಿಂಚು. ಆ ಎರಡಿಂಚನ್ನು ನಾನು ಯಾವತ್ತೂ ಬಿಟ್ಟು ಹೇಳಿದವನಲ್ಲ. ಯಳಂದೂರಿನಲ್ಲಿ ನಾನು ಪಾಠ ಮಾಡುವ ಶಾಲೆಯಲ್ಲಿ ಕಪ್ಪು ಹಲಗೆಯ ಮೇಲ್ಭಾಗದ ಒಂದು ಗೇಣು ಜಾಗ ನನ್ನ ಕೈಗೆ ಸಿಕ್ಕಿಲ್ಲ. ಅಲ್ಲಿ ತಾರೀಕು ಬರೆಯುವ ಕೆಲಸ ಗಣಿತದ ಮೇಷ್ಟ್ರದು.

ಮದುವೆಯ ಮಾತು ಶುರುವಾಗುವವರೆಗೆ ಇದರಿಂದ ನನಗೇನೂ ಬೇಸರವಿರಲಿಲ್ಲ. ಆಮೇಲೆ ಸಿಟ್ಟು ಬರತೊಡಗಿತು. ಮೂರು ಕಡೆಯವರು 'ಹುಡುಗ ಒಳ್ಳೆಯವನೇ, ಆದರೆ' ಎಂದು ಮಾತನ್ನು ಅಲ್ಲಿಗೇ ಬಿಟ್ಟು ಕಾಫಿ ಕುಡಿದರು. "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಕಣ್ಲಾ" ಎಂದು ಅವ್ವ ಸಮಾಧಾನ ಮಾಡುತ್ತಿದ್ದಳು. ಅಕ್ಕನಿಗೆ ಅಂಥ ದಾಕ್ಷಿಣ್ಯವಿಲ್ಲ. "ಕೀರ್ತಿನ ಫೋಟೋದಲ್ಲಿ ಪಕ್ಕಕ್ಕೆ ನಿಲ್ಸಕಾಯ್ತದಾ?" ಎಂದು ಕೇಳಿದಳು.

ಕೊನೆಗೆ ಅಕ್ಕನೇ ಫೋನಿನಲ್ಲಿ ಹುಡುಕಿ ಆ ಬೂಟು ತರಿಸಿದಳು. ಹೊರಗಿನಿಂದ ನೋಡಿದರೆ ಯಾವನೋ ಮರ್ಯಾದಸ್ಥ ಸಾಹೇಬನ ಬೂಟು. ಒಳಗೆ ಹಿಮ್ಮಡಿಯ ಕೆಳಗೆ ಮೂರಿಂಚಿನ ದಿಣ್ಣೆ. ಹಾಕಿಕೊಂಡರೆ ನಿಂತಲ್ಲೇ ಬೆಟ್ಟ ಇಳಿಯುತ್ತಿರುವಂತೆ ಅನ್ನಿಸುತ್ತಿತ್ತು. ಅದಕ್ಕೆ ತಕ್ಕ ಪ್ಯಾಂಟು ಹೊಲಿಸಲು ಕೊಳ್ಳೇಗಾಲದ ಟೈಲರ್ ಹತ್ತಿರ ಹೋದೆ. ಅವನು ಒಂದೇ ನೋಟಕ್ಕೆ ವಿಷಯ ಹಿಡಿದ. "ಬೂಟ್ ಆಕ್ಕಂಡೇ ಅಳತೆ ಕೊಡಿ ಸಾ. ಇಲ್ದಿದ್ರೆ ಪ್ಯಾಂಟ್ ಗಿಡ್ಡ ಆಗ್ಬುಟ್ಟು ಗುಟ್ಟೆಲ್ಲಾ ಕಾಣ್ತದೆ" ಎಂದ. ಎಂಥ ಬುದ್ಧಿವಂತ ಅಂದುಕೊಂಡೆ. ಬೂಟು ಬಿಚ್ಚಿದಾಗ ಆ ಪ್ಯಾಂಟಿನ ಗತಿಯೇನು ಎಂದು ಅವನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನಾಲ್ಕನೆಯದಾಗಿ ಬಂದ ಸಂಬಂಧ ಬಂಡಳ್ಳಿಯ ಹುಡುಗಿ, ಹನೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಕೊಳ್ಳೇಗಾಲದ ಛತ್ರದಲ್ಲಿ ನೆಂಟರ ಮದುವೆಯಿತ್ತು. ಅಲ್ಲಿ ದೂರದಿಂದ ನೋಡಿಕೊಳ್ಳುವುದು, ಒಪ್ಪಿಗೆಯಾದರೆ ಆಮೇಲೆ ಅವರ ಮನೆಗೆ ಹೋಗುವುದು ಎಂದು ಮಾತಾಗಿತ್ತು. ದೂರದಿಂದ ನೋಡಬೇಕಾದವಳು ತಾನೇ ಹತ್ತಿರ ಬಂದಳು. ಕಂಬಕ್ಕೆ ಬೆನ್ನು ಕೊಟ್ಟು ನಿಂತು, "ನಿಮ್ ಸ್ಕೂಲಿಗೆ ಇಂಜೆಕ್ಷನ್ ಕೊಡಾಕೆ ಬಂದ್ರೆ ಮೊದ್ಲು ಓಡೋಗೋರು ಯಾರು?" ಎಂದು ಕೇಳಿದಳು.

"ನಾನು. ನನ್ನ ಹಿಂದೆ ಮಕ್ಕಳು" ಎಂದೆ.

ಅವಳು ಬಾಯಿಗೆ ಕೈ ಅಡ್ಡ ಇಡದೆ ಜೋರಾಗಿ ನಕ್ಕಳು. ಅವಳ ಕಣ್ಣು ನನ್ನ ಕಣ್ಣಿನ ನೇರಕ್ಕಿತ್ತು. ಅರ್ಧ ಗಂಟೆ ಹಾಗೆಯೇ ನಿಂತು ಮಾತಾಡಿದೆವು. ನನಗೆ ಇವಳೇ ಬೇಕು, ಇನ್ಯಾರೂ ಬೇಡ ಅನ್ನಿಸಿಬಿಟ್ಟಿತು. ಕಾಲ್ಬೆರಳುಗಳು ಬೂಟಿನ ತುದಿಯಲ್ಲಿ ಜಜ್ಜಿಹೋಗಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಒಂದು ತಿಂಗಳ ನಂತರ ಅವ್ವ, ಅಕ್ಕ, ನಾನು ಬಂಡಳ್ಳಿಯ ಬಸ್ಸಿನಲ್ಲಿ ಕೂತಿದ್ದೆವು. ಅವ್ವ ಆ ಮನೆಯವರ ಗುಣಗಾನ ನಡೆಸಿದ್ದಳು. "ಬಾಳ ಮರ್ಯಾದೆ ಜನ. ಕಾಲ್ಗೆ ನೀರ್ ಕೊಡೋ ಚೊಂಬೇ ಒಂದು ಕೊಡ ಇದ್ದಂಗದೆಯಂತೆ" ಎಂದಳು.

ನಾನು ಬಗ್ಗಿ ನನ್ನ ಬೂಟು ನೋಡಿಕೊಂಡೆ. ಹುಟ್ಟಿದಾಗಿನಿಂದ ಯಾರ ಮನೆಯ ಹೊಸ್ತಿಲನ್ನೂ ಚಪ್ಪಲಿ ಕಾಲಲ್ಲಿ ದಾಟದ ಮೂವರು ಸೇರಿ ಬೂಟಿನ ಯೋಚನೆ ಮಾಡಿದ್ದೆವು. ಬಾಗಿಲಿನ ಯೋಚನೆ ಒಬ್ಬರಿಗೂ ಬಂದಿರಲಿಲ್ಲ.

"ಕಾಲ್ಗೆ ಪೆಟ್ಟಾಗದೆ ಅಂದ್ಬುಟ್ಟು ಜಗ್ಲಿ ಮೇಲೇ ಕುಂತ್ಕೊ" ಎಂದು ಅಕ್ಕ ಪಿಸುಗುಟ್ಟಿದಳು.

"ಹುಡುಗಿ ನರ್ಸು ಕಣಕ್ಕಾ. ಬಿಚ್ಚಿ ನೋಡ್ತಾಳೆ."

ಚೊಂಬು ನಿಜಕ್ಕೂ ದೊಡ್ಡದಿತ್ತು. ಬಾಗಿಲಲ್ಲಿ ಇಡೀ ಮನೆ ನಿಂತು ನೋಡುತ್ತಿರುವಾಗ ಮೆಟ್ಟಿಲ ಪಕ್ಕ ಬೂಟು ಬಿಚ್ಚಿದೆ. ನಾನು ಕೆಳಗಿಳಿದೆ, ಪ್ಯಾಂಟು ನನಗಿಂತ ಮೊದಲೇ ನೆಲ ಮುಟ್ಟಿತು. ಮಡಚಿದರೆ ಮಡಿಕೆ ಕಾಣುತ್ತದೆ, ಬಿಟ್ಟರೆ ಅಂಗಳ ಗುಡಿಸುತ್ತದೆ. ಕಾಲು ತೊಳೆಯುವಾಗ ಅರ್ಧ ಚೊಂಬು ನೀರನ್ನು ಪ್ಯಾಂಟೇ ಕುಡಿಯಿತು.

ಒಳಗೆ ಹೋಗುವಾಗ ಹುಡುಗಿಯ ಚಿಕ್ಕಪ್ಪ "ತಲೆ ಜ್ವಾಪಾನ ಮೇಷ್ಟ್ರೇ!" ಎಂದು ಕೂಗಿದರು. ಅವರು ಗಾರೆ ಕೆಲಸದವರು. ಹಳೇ ನೆಲದ ಮೇಲೇ ಟೈಲ್ಸ್ ಹಾಕಿ ಇಡೀ ಮನೆಯ ನೆಲವನ್ನು ನಾಲ್ಕು ಬೆರಳು ಏರಿಸಿದ್ದರು. ನೆಲ ಏರಿತು, ಬಾಗಿಲು ಏರಲಿಲ್ಲ. ಉದ್ದುದ್ದ ಜನರ ಆ ಮನೆಯಲ್ಲಿ ಎಲ್ಲರೂ ದೇವರಿಗೆ ಕೈಮುಗಿದಂತೆ ಬಾಗಿಯೇ ಓಡಾಡುತ್ತಿದ್ದರು. ನಾನು ನೆಟ್ಟಗೆ ನಡೆದು ಒಳಗೆ ಹೋದೆ. ನೆತ್ತಿಯ ಮೇಲೆ ಇನ್ನೂ ಎರಡು ಬೆರಳು ಜಾಗವಿತ್ತು. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನ ತಲೆಯನ್ನೇ ನೋಡುತ್ತಿದ್ದರು.

ಅವಳು ಕಾಫಿ ತಂದಳು. ಅಡುಗೆಮನೆಯ ಬಾಗಿಲಲ್ಲಿ ಬಗ್ಗಿದಳು, ಈಚೆ ಬಂದು ನೆಟ್ಟಗಾದಳು. ನೆಟ್ಟಗಾಗುತ್ತಲೇ ಹೋದಳು. ಛತ್ರದಲ್ಲಿ ನೋಡಿದ್ದಕ್ಕಿಂತ ಉದ್ದವಿದ್ದಳು. ಇದು ನನ್ನ ಕಣ್ಣಿನ ದೋಷವೋ, ಬೂಟಿಲ್ಲದ ದೋಷವೋ ತಿಳಿಯಲಿಲ್ಲ.

"ಇಬ್ರೂ ಒಂದ್ಗಳ್ಗೆ ಜೊತೇಲಿ ನಿಂತ್ಕಳಿ, ನೋಡಮ" ಎಂದರು ಅಜ್ಜಿ.

ನಿಂತೆವು. ನನ್ನ ನೆತ್ತಿ ಅವಳ ಕಿವಿಯೋಲೆಯ ಹತ್ತಿರ ಮುಗಿಯಿತು. ಅವಳ ಅಪ್ಪ ಹುಬ್ಬು ಗಂಟಿಕ್ಕಿ, "ಛತ್ರದಲ್ಲಿ ಸರಿಸಮ ಇದ್ರಲ್ವಾ?" ಎಂದರು.

ನಮ್ಮವ್ವನಿಗೆ ಎಲ್ಲಿಂದ ಧೈರ್ಯ ಬಂತೋ, "ನೆಲ ಇತ್ಲಾಗೆ ಒಂಚೂರು ಇಳುಕ್ಲು ಅನ್ಸುತ್ತೆ" ಎಂದುಬಿಟ್ಟಳು.

ಚಿಕ್ಕಪ್ಪ ಕೆರಳಿದರು. "ಇಳುಕ್ಲಾ? ನಾನ್ ಆಕಿರೋ ಟೈಲ್ಸ್ ಕಣವ್ವ!" ಎಂದು ಹಿತ್ತಿಲಿಗೆ ನುಗ್ಗಿ, ನೆಲ ಮಟ್ಟವಾಗಿದೆಯೇ ಎಂದು ನೋಡುವ ರಸಮಟ್ಟ ತಂದು ನನ್ನ ಕಾಲ ಬಳಿ ಇಟ್ಟರು. ಹೆಣ್ಣು ನೋಡಲು ಬಂದವರು, ತೋರಿಸುವವರು ಎಲ್ಲರೂ ಅದರ ಸುತ್ತ ಬಗ್ಗಿ ಕೂತರು. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಸಾಲದೆಂದು ನಮ್ಮಿಬ್ಬರ ಜಾಗ ಅದಲುಬದಲು ಮಾಡಿಸಿದರು. ಜಾಗ ಬದಲಾಯಿತು, ನಾನು ಬದಲಾಗಲಿಲ್ಲ. ರಸಮಟ್ಟದಿಂದ ತಲೆಯೆತ್ತಿದ ಚಿಕ್ಕಪ್ಪ ನೀರು ತೊಟ್ಟಿಕ್ಕುತ್ತಿದ್ದ ನನ್ನ ಪ್ಯಾಂಟನ್ನೇ ನೋಡತೊಡಗಿದರು.

ಇನ್ನು ತಡೆಯಲಾಗಲಿಲ್ಲ. ಗಾರೆ ಕೆಲಸದವರೊಬ್ಬರ ಹೆಸರು ನನ್ನಿಂದ ಕೆಡಬಾರದು. "ನೆಲ ಸರಿಯಾಗಿದೆ. ಸರಿಯಿಲ್ಲದ್ದು ಹೊರಗಿರುವ ಬೂಟು" ಎಂದೆ. ಸುಳ್ಳ ಎಂದುಕೊಂಡು ಅವಳು ಒಳಗೆ ಹೋಗಿಬಿಡುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ.

ಬೂಟು ಒಳಗೆ ಬಂತು. ಅಜ್ಜಿ ಅದರೊಳಗೆ ಕೈ ತೂರಿಸಿ ತಡಕಿದರು. "ಅಯ್ ಶಿವ್ನೇ, ಒಳಗಡೆ ಮಣೆ ಮಡಗವ್ರಲ್ಲಾ!"

"ಇದು ಮೋಸ ಅಲ್ವಾ ಮೇಷ್ಟ್ರೇ?" ಎಂದರು ಅವಳ ಅಪ್ಪ. ಅವರ ದನಿಯಲ್ಲಿ ನಗುವಿರಲಿಲ್ಲ.

"ಹಂಗಂದ್ರೆ ನಂದೂ ಮೋಸನೇ ಕಣಪ್ಪ" ಎಂದಳು ಅವಳು. ಎಲ್ಲರೂ ಅವಳತ್ತ ತಿರುಗಿದರು. "ದಿನಾ ಎಷ್ಟೋ ಜನದ್ದು ಎತ್ತರ ಅಳೀತೀನಿ, ನಂಗೆ ಅವತ್ತೇ ಅನ್ಮಾನ ಬಂದಿತ್ತು. ಇವ್ರ ಮಂಡಿ ಇರ್ಬೇಕಾದ್ ಜಾಗ್ದಲ್ಲಿ ಇರ್ನಿಲ್ಲ. ಬೂಟ್ ಆಕಿದ್ರೂ ನಾನೇ ಉದ್ದ ಆಗೋಳು. ಉದ್ದ ಅಂತ ಇವ್ರೂ ಬ್ಯಾಡ ಅಂದ್ಬುಟ್ಟಾರು ಅಂತ, ಅರ್ಧ ಗಂಟೆ ಸೀರೆ ಒಳಗೆ ಮಂಡಿ ಮಡುಚ್ಕಂಡ್ ನಿಂತಿದ್ದೆ. ಮಾರ್ನೆ ದಿನ ಮುಲಾಮ್ ಅಚ್ಕಂಡು ಡ್ಯೂಟಿಗೆ ಹೋದೆ."

ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದು ಯಾಕೆಂದು ನನಗೆ ಆಗ ತಿಳಿಯಿತು. ನಾನು ಮೊದಲು ನಕ್ಕೆ, ಆಮೇಲೆ ಅವಳು. ಅವಳ ಅಪ್ಪ ಮಾತ್ರ ನಗದೆ ಅಜ್ಜಿಯ ಕಡೆ ನೋಡಿದರು.

ಅಜ್ಜಿ ಬೂಟನ್ನು ಕೆಳಗಿಟ್ಟು ಬಾಗಿಲ ಕಡೆ ಕೈ ತೋರಿಸಿದರು. "ಸತ್ತೇಗಾಲದ ಗಂಡು ಬಂದಿದ್ದು ಮರ್ತೋಯ್ತೇನ್ಲಾ? ಒಳಗ್ ಬರೋವಾಗ್ಲೇ ಆ ಬಾಗ್ಲುಗೆ ಅಣೆ ಹೊಡುಸ್ಕಂಡ. ಅಪಶಕುನ ಅಂದ್ಬುಟ್ಟು ಕಾಫಿನೂ ಕುಡೀದೆ ಹೊಂಟೋದ್ರು. ಅದಕ್ ಮುಂಚೆ ಬಂದವ್ನೂ ಅಂಗೇಯ. ಈ ಮನೆ ಬಾಗ್ಲು ತಕರಾರಿಲ್ದೆ ಒಳಕ್ ಬುಟ್ಟಿರೋದು ಇವ್ನೊಬ್ಬನ್ನೇ ಕಣ್ಲಾ." ಆಮೇಲೆ ನನ್ನತ್ತ ತಿರುಗಿ, "ಆ ಬೂಟ್ ಆಕ್ಕಂಡೇ ಒಳಗ್ ಬಂದಿದ್ರೆ ನೀನೂ ಅಂಗೇ ಹೊಂಟೋಯ್ತಿದ್ದೆ ಮಗಾ" ಎಂದರು.

ಲೆಕ್ಕ ಹಾಕಿ ನೋಡಿದೆ. ಎರಡು ಬೆರಳು ಜಾಗ, ಮೂರಿಂಚು ಬೂಟು. ಅಜ್ಜಿಯ ಮಾತು ನಿಜ. ಅವಳ ಅಪ್ಪನೂ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕೊನೆಗೆ ತಮ್ಮ ಹಣೆಯ ಹಳೇ ಗಾಯವನ್ನು ಸವರಿಕೊಂಡು, "ಕಾಫಿ ಆರೋಯ್ತದೆ, ಕುಡೀರಿ" ಎಂದರು.

ಮದುವೆಯಲ್ಲಿ ನಾನು ಬೂಟು ಹಾಕಲಿಲ್ಲ. ಧಾರೆಯ ಹೊತ್ತು ನಮ್ಮಿಬ್ಬರ ನಡುವೆ ಪರದೆ ಹಿಡಿದಿದ್ದರು. ಪರದೆ ಇಳಿದ ಕೂಡಲೇ ಯಾರು ಮೊದಲು ಇನ್ನೊಬ್ಬರ ನೆತ್ತಿಯ ಮೇಲೆ ಜೀರಿಗೆ ಬೆಲ್ಲ ಇಡುತ್ತಾರೋ ಮನೆಯಲ್ಲಿ ಅವರದೇ ದರ್ಬಾರು ಎನ್ನುತ್ತಾರೆ ನಮ್ಮ ಕಡೆ. "ನೆಟ್ಗೆ ನಿಂತ್ಕಳವ್ವ, ಗೆದ್ದೇ ಗೆಲ್ತೀಯ!" ಎಂದು ಬಂಡಳ್ಳಿಯವರು ಕೂಗುತ್ತಿದ್ದರು. ನಮ್ಮ ಕಡೆಯವರು ಸೋಲೊಪ್ಪಿಕೊಂಡವರಂತೆ ಸುಮ್ಮನಿದ್ದರು. ಪರದೆಯ ಅಂಚಿನ ಮೇಲೆ ಅವಳ ಮುಡಿಯ ಹೂವು ಮಾತ್ರ ನನಗೆ ಕಾಣುತ್ತಿತ್ತು. ನೋಡುತ್ತಿದ್ದಂತೆ ಆ ಹೂವು ಮೆಲ್ಲಗೆ ಕೆಳಗಿಳಿಯಿತು. ಒಂದು ಬೆರಳು, ಎರಡು ಬೆರಳು, ಇನ್ನೂ ಸ್ವಲ್ಪ.

ಪರದೆ ಸರಿಯಿತು, ನನ್ನ ಕೈ ಸಲೀಸಾಗಿ ಅವಳ ನೆತ್ತಿ ಮುಟ್ಟಿತು. ಯಳಂದೂರಿನವರು ಶಿಳ್ಳೆ ಹೊಡೆದರು. ನಾನೇ ಗೆದ್ದೆನೆಂದು ಎರಡೂ ಕಡೆಯವರು ಇವತ್ತಿಗೂ ನಂಬಿದ್ದಾರೆ. ಮಾರನೆ ದಿನ ಅವಳ ಮಂಡಿಗೆ ಮುಲಾಮು ಹಚ್ಚಿದವನು ನಾನು.