ಕಮ್ಮಾರನ ಹೆಂಡತಿ ಕೊಡದ ಬೀಗದ ಕೈ

ಗ್ಲೆನ್‌ಡರ್ನೊ ಊರಿನಲ್ಲಿ ಇಸೊಬೆಲ್ ಡುಗಿಡ್ ಎಲ್ಲರಿಗೂ ಬೇಕಾದವಳು. ಅವಳಿಗೆ ಮಾತ್ರ ಡಾಕ್ಟರರ ನೆರಳೂ ಬೇಡ. ಡಾಕ್ಟರ್ ಗಿಲ್ಬರ್ಟ್ ಲೀತ್‌ನ ಕುದುರೆ ಬೀದಿಗೆ ಬಂದರೆ ಹೆಣೆಯುತ್ತಿದ್ದ ಕಾಲುಚೀಲವನ್ನು ಮಡಿಲಿಗೆ ಹಾಕಿಕೊಂಡು ಬೆನ್ನು ತಿರುಗಿಸುತ್ತಿದ್ದಳು.

ತೀರಿಹೋದ ಅವಳ ಗಂಡ ಊರಿನ ಕಮ್ಮಾರನಾಗಿದ್ದ. ಸುತ್ತಿನ ಹಳ್ಳಿಗಳಿಗೆಲ್ಲ ಇದ್ದ ಒಂದೇ ಕಬ್ಬಿಣದ ಪಂಜರವನ್ನು ಬಡಿದು ಮಾಡಿದವನು ಅವನೇ. ಶವಪೆಟ್ಟಿಗೆಯ ಮೇಲೆ ಅದನ್ನಿಟ್ಟು ಬೀಗ ಹಾಕಿ ಮಣ್ಣು ಮುಚ್ಚುತ್ತಿದ್ದರು. ಇಲ್ಲದಿದ್ದರೆ ಅಬರ್ಡೀನ್ ಪಟ್ಟಣದಲ್ಲಿ ವೈದ್ಯವಿದ್ಯೆ ಕಲಿಯುವ ಹುಡುಗರು, ಕೊಯ್ದು ಕಲಿಯಲು ಹೆಣ ಕದಿಯಲೆಂದು, ಗುದ್ದಲಿ ಹಿಡಿದು ಬರುತ್ತಿದ್ದರು. ಆರು ವಾರ ಕಳೆದರೆ ಕೊಳೆತ ದೇಹ ಅವರ ಕೊಯ್ಯುವ ಮೇಜಿಗೆ ಬೇಡವಾಗುತ್ತಿತ್ತು. ಆಗ ಪಂಜರ ಮುಂದಿನವರಿಗೆ. ಬೀಗ ಎರಡು. ಒಂದರ ಕೈ ಚರ್ಚಿನ ಹಿರಿಯ ಸಾಂಡರ್ಸ್ ಮೊಯಿರ್‌ನ ಬಳಿ, ಇನ್ನೊಂದು ಇಸೊಬೆಲಳ ಸೊಂಟದಲ್ಲಿ.

ಆ ವರ್ಷ ಶರತ್ಕಾಲದ ಕೊನೆಗೆ ಅವಳ ಮಗಳು ಎಫೀ ಜ್ವರದಿಂದ ತೀರಿಕೊಂಡಳು. ಪಂಜರ ಅವಳ ಮೇಲೇರಿತು. ಸ್ವಲ್ಪ ದಿನಕ್ಕೇ ನೆಲ ಕಲ್ಲಾಗುವಂಥ ಚಳಿ ಹಿಡಿಯಿತು. ಆರು ವಾರ ಮುಗಿಯುವ ಹೊತ್ತಿಗೆ ಡಾಕ್ಟರನ ತಾಯಿ ಮಾರ್ಗರಿ ಸತ್ತಳು. ನೆಲದ ಮೇಲೆ ಬೆಂಕಿ ಹಾಕಿ, ಮಣ್ಣು ಕರಗಿಸಿ, ಎಫೀಯ ಪಕ್ಕದಲ್ಲೇ ಗುಂಡಿ ತೋಡಿದರು. ಮೊಯಿರ್ ಬೀಗದ ಕೈ ಕೇಳಲು ಬಂದ. ಹಿಂದೆ ಡಾಕ್ಟರನೂ ಬಂದು ಹೊಸ್ತಿಲಾಚೆ ನಿಂತ.

ವಾಯಿದೆ ಮುಗಿಯಿತಲ್ಲ, ಎಂದು ಮೊಯಿರ್ ಮೆತ್ತಗೆ ಶುರು ಮಾಡಿದ. ಇಸೊಬೆಲ್ ಓಟ್ಸ್ ಗಂಜಿ ತಿರುವುತ್ತಲೇ ಇದ್ದಳು.

"ಇಸೊಬೆಲಕ್ಕ, ನಿನ್ನ ಮುರಿದ ಕೈ ಕೂಡಿಸಿದವನು ಇವನೇ ಅಲ್ವಾ?"

"ಕೂಡಿಸಿದ. ಯಾರ ಕೈ ಕೊಯ್ದು ಕಲಿತ ಅಂತ ಅವನನ್ನೇ ಕೇಳು."

ಮೊಯಿರ್ ಗಡ್ಡ ಕೆರೆದುಕೊಂಡ. ಊರಿಗೆಲ್ಲ ಎಲುಬು ಬಲ್ಲ ಡಾಕ್ಟರ್ ಬೇಕು. ಅವನು ಎಲ್ಲಿ ಕಲಿತನೆಂಬುದು ಮಾತ್ರ ಯಾರಿಗೂ ಬೇಡ. ಇಸೊಬೆಲ್ ಸೌಟು ಕೆಳಗಿಟ್ಟು ಮೊದಲ ಬಾರಿಗೆ ಡಾಕ್ಟರನ ಮುಖ ನೋಡಿದಳು.

"ಗಿಲ್ಬರ್ಟ, ನಿಮ್ಮಮ್ಮನ ಮೇಲೆ ಆಣೆ ಇಟ್ಟು ಹೇಳು. ನೀನು ಕಲಿಯೋ ಕಾಲದಲ್ಲಿ, ಇಂಥ ಚಳಿಯಲ್ಲಿ, ಆರು ವಾರದ ಹೆಣ ಸಿಕ್ಕಿದ್ರೆ ಬಿಡ್ತಿದ್ಯಾ?"

ಸುಳ್ಳು ಹೇಳಿದ್ದರೆ ಪಂಜರ ಸಿಗುತ್ತಿತ್ತು. ಅವನು ಟೋಪಿ ಹಿಚುಕುತ್ತ ನಿಂತ.

"ಬಿಡ್ತಿರಲಿಲ್ಲ, ಇಸೊಬೆಲಮ್ಮ. ಈ ಚಳಿಗೆ ದೇಹ ಕೆಡೋದಿಲ್ಲ."

"ಹಾಗಾದ್ರೆ ನನ್ನ ಮಗಳು ಕಬ್ಬಿಣದ ಕೆಳಗೇ ಇರ್ಲಿ. ನಿಮ್ಮಮ್ಮನ್ನ ನೀನೇ ಕಾಯಿ. ಕಳ್ಳರು ಯಾವ ಗೋಡೆ ಹಾರಿ ಬರ್ತಾರೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅವನು ಕಾದ. ಹಗಲು ರೋಗಿಗಳ ಮನೆ, ಇರುಳು ಬಂದೂಕು ಹಿಡಿದು ಸ್ಮಶಾನ. ಬೆಳಿಗ್ಗೆ ಅವಳು ಬಾಗಿಲು ತೆರೆದರೆ, ಹುಬ್ಬಿನ ಮೇಲೆ ಮಂಜು ಕಟ್ಟಿಕೊಂಡು ಅವನು ಕೆಮ್ಮುತ್ತ ಮನೆಗೆ ಹೋಗುತ್ತಿರುವುದು ಕಾಣುತ್ತಿತ್ತು. ಒಂದು ಬೆಳಿಗ್ಗೆ ಅವಳು ಗೋರಿಯ ಹತ್ತಿರ ಹೋಗಿ ನೋಡಿದಳು. ಹಿಮದಲ್ಲಿ ಅವನ ಹೆಜ್ಜೆಗಳು ತಾಯಿಯನ್ನಷ್ಟೇ ಅಲ್ಲ, ಎಫೀಯನ್ನೂ ಸುತ್ತಿದ್ದವು. ಇಸೊಬೆಲ್ ಮನೆಗೆ ಹೋಗಿ ಪೊರಕೆ ತಂದಳು. ಮಗಳ ಸುತ್ತಲಿನ ಹೆಜ್ಜೆಗಳನ್ನೆಲ್ಲ, ಒಂದೂ ಬಿಡದೆ, ಗುಡಿಸಿ ಹಾಕಿದಳು. ಮರುದಿನ ಮತ್ತೆ ಇದ್ದವು. ಮತ್ತೆ ಗುಡಿಸಿದಳು.

ಹಿಮ ಕರಗಿ, ಮಣ್ಣು ಮೆತ್ತಗಾಗಿ, ಹಳ್ಳದ ನೀರು ಸದ್ದು ಮಾಡತೊಡಗಿದ ಎಷ್ಟೋ ದಿನಗಳ ಮೇಲೆ ಅವಳೇ ಮೊಯಿರ್‌ನನ್ನು ಕರೆಸಿ ಬೀಗದ ಕೈ ಕೊಟ್ಟಳು. ಚಳಿ ಹಿಡಿಯುವ ಮುಂಚೆಯೇ ಮಣ್ಣು ಸೇರಿದ್ದ ಎಫೀ ಇನ್ನು ಯಾರ ಮೇಜಿಗೂ ಬೇಡದವಳು. ಹೆಪ್ಪುಗಟ್ಟಿದ ನೆಲ ಸೇರಿದ್ದ ಮಾರ್ಗರಿಯ ದೇಹ ಇನ್ನೂ ಪೂರ್ತಿ ಕೆಟ್ಟಿರಲಿಲ್ಲ; ಅವಳಿಗೆ ಅಪಾಯ ಈಗಲೂ ತಪ್ಪಿರಲಿಲ್ಲ. ಪಂಜರ ಅವಳಿಗೆ ಹೋಗಲಿ ಎಂದಳು.

ಪಂಜರ ಎತ್ತುವ ದಿನ ಸ್ಮಶಾನದಲ್ಲಿ ಡಾಕ್ಟರ್ ಏನೋ ಹೇಳಲು ಬಾಯಿ ತೆರೆದ.

"ನಿನಗೋಸ್ಕರ ಅಲ್ಲ. ಅವಳು ನನ್ನ ಜೊತೆ ಹಳ್ಳದಲ್ಲಿ ಉಣ್ಣೆ ತೊಳೆದವಳು."

ಆಳುಗಳು ಪಂಜರಕ್ಕೆ ಹಗ್ಗ ಬಿಗಿದರು. ಭಾರಕ್ಕೆ ಒಂದು ಕೈ ಕಡಿಮೆ ಬಿದ್ದಿತು; ಡಾಕ್ಟರ್ ಕೋಟು ಕಳಚಿ ಮುಂದೆ ಬಂದ. ಇಸೊಬೆಲ್ ಅಡ್ಡ ನಿಂತಳು.

"ನನ್ನ ಮಗಳ ಮಣ್ಣು ನೀನು ಮುಟ್ಟಬೇಡ."

ಅವನು ಗೋಡೆಯಾಚೆ ಹೋಗಿ ನಿಂತ. ಅವನು ಕೂಡಿಸಿದ್ದ ಆ ಕೈಯಿಂದಲೇ ಅವಳು ಹಗ್ಗದ ತುದಿ ಹಿಡಿದು ಎಳೆದಳು.