ಅತ್ತೆಯ ಮೂಗು

ನಮ್ಮ ಅತ್ತೆ ಅಡುಗೆಯ ರುಚಿ ನೋಡಿದವರಲ್ಲ. ದೇವರಿಗೆ ನೈವೇದ್ಯವಾಗುವ ಮುಂಚೆ ನಾಲಿಗೆಗೆ ಸೋಕಿದರೆ ಅದು ಎಂಜಲು. ಹುಳಿ ಕುದಿಯುವ ಹಬೆಗೆ ಮುಖ ಒಡ್ಡಿ, ಉಪ್ಪು ಸಾಕೋ ಸಾಲದೋ ಎಂದು ಮೂಗಿನಲ್ಲೇ ಹೇಳುತ್ತಿದ್ದರು. ಮದರಾಸಿಗೆ ಬಂದು ಮೂರು ತಲೆಮಾರಾದರೂ ಅವರ ಮನೆತನದ ಮಡಿ ಸಡಿಲವಾಗಿರಲಿಲ್ಲ. ಚಮಚದಲ್ಲಿ ನೆಕ್ಕಿ ನೋಡುವ ನನಗೆ ಆ ಒಲೆಯ ಹತ್ತಿರ ಜಾಗವಿರಲಿಲ್ಲ. ಇಪ್ಪತ್ತು ವರ್ಷ ಅದಕ್ಕೆ ಉರಿದುಕೊಂಡಿದ್ದೇನೆ.

ಹೋದ ವರ್ಷ ಒಂದು ದ್ವಾದಶಿಯ ದಿನ ಹುಳಿಯನ್ನು ಬಾಯಿಗಿಡಲಾಗಲಿಲ್ಲ. ಉಪ್ಪು ಎರಡು ಸಲ ಬಿದ್ದಿತ್ತು. "ಉಪ್ಪಿಗಿಂತ ರುಚಿಯಿಲ್ಲ ಅಂತಾರಲ್ಲ ಅತ್ತೆ, ಇವತ್ತು ಬೇರೆ ರುಚಿನೇ ಇಲ್ಲ" ಎಂದು ಚುಚ್ಚಿದೆ. ಹಿಂದಿನ ದಿನವೆಲ್ಲ ಉಪವಾಸವಿದ್ದ ಅವರು ಬರೀ ಮಜ್ಜಿಗೆ ಅನ್ನ ಉಂಡು ಎದ್ದರು.

ವಾರ ಕಳೆದಿತ್ತು. ತಿರುವೊಟ್ಟಿಯೂರಿನ ನಮ್ಮ ಮನೆಗೆ ಮಣಲಿಯ ತೈಲ ಕಾರ್ಖಾನೆಗಳ ಕಡೆಯ ಗಾಳಿ ಬೀಸಿ, ಗ್ಯಾಸಿನ ನಾತಕ್ಕೆ ನಾನು ಕಿಟಕಿ ಮುಚ್ಚುತ್ತಿದ್ದೆ. "ಯಾಕೆ ಮುಚ್ತೀಯ? ಈಗೆಲ್ಲ ಮಣಲಿ ಗಾಳಿ ಎಷ್ಟೋ ಪರವಾಯಿಲ್ಲೆ" ಎಂದರು ಅತ್ತೆ. ಅಷ್ಟು ನಾತವೂ ಅವರ ಮೂಗಿಗೆ ತಿಳಿಯುತ್ತಿಲ್ಲವೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಅವರ ಕಣ್ಣು ಮುಚ್ಚಿಸಿ ಕಾಫಿಪುಡಿ, ಲವಂಗ, ಸೋಪು ಹಿಡಿದರು. ಅತ್ತೆ ಮೂರಕ್ಕೂ ಸಂಕೋಚದಿಂದ ನಕ್ಕರು. ಮೂಗಿನಲ್ಲಿ ದೋಷವಿಲ್ಲ, ಮೂಗು ತಂದದ್ದು ಇಂಥದ್ದೆಂದು ಗುರುತಿಸುವುದು ಮಿದುಳು, ವಯಸ್ಸಾದಂತೆ ಆ ಗುರುತು ಮಾಸುತ್ತದೆ, ಮಾಸಿದ್ದು ಅವರಿಗೇ ತಿಳಿಯುವುದಿಲ್ಲ ಎಂದರು ಡಾಕ್ಟರು. ಕೆಲವರಲ್ಲಿ ಇದು ಮರೆವಿನ ಮುನ್ಸೂಚನೆ ಎಂದು ಸಂಶೋಧಕರು ಈಚೆಗೆ ಹೇಳುತ್ತಿದ್ದಾರಂತೆ; ಹಲವರಲ್ಲಿ ಬರೀ ವಯಸ್ಸು. ಕಾದು ನೋಡಬೇಕು.

ಆಟೋದಲ್ಲಿ ಅತ್ತೆ ಕೇಳಿದ್ದು ಒಂದೇ: "ಇನ್ನು ಅಡುಗೆ ಬಿಟ್ಬಿಡ್ಲಾ?"

ನನಗೆ ನನ್ನ ಮೇಲೇ ಸಿಟ್ಟು ಬಂತು. "ಯಾಕೆ ಬಿಡ್ತೀರಿ? ನೀವು ಮಾಡಿ, ಉಪ್ಪು ನಾನು ನೋಡ್ತೀನಿ" ಎಂದೆ.

ಮರುದಿನ ಸ್ನಾನ ಮಾಡಿ, ಒದ್ದೆ ಸೀರೆಯುಟ್ಟು ಅವರ ಒಲೆಯ ಮುಂದೆ ನಿಂತೆ. ಹಬೆಗೆ ಮುಖ ಒಡ್ಡಿದೆ. ಇಂಗು ಗೊತ್ತಾಯಿತು, ಹುಣಸೆ ಗೊತ್ತಾಯಿತು, ಉಪ್ಪು ಮಾತ್ರ ಗೊತ್ತಾಗಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನನಗೆ ಬರೋಲ್ಲ ಅತ್ತೆ."

ಅವರು ಸೌಟನ್ನು ಹುಳಿಗೆ ಅದ್ದಿದರು. ಆಮೇಲೆ ನನ್ನ ಅಂಗೈಗೆ ಒಂದು ತೊಟ್ಟು ಹುಳಿ ಬಿಟ್ಟು, "ಬೇಗ, ಸೀಕ್ರಂ ನೋಡಿಬಿಡು, ನಾನು ಆ ಕಡೆ ತಿರುಗ್ತೀನಿ" ಎಂದು ಗೋಡೆಗೆ ಮುಖ ಮಾಡಿದರು.

ನೆಕ್ಕಿದೆ. ಉಪ್ಪು ಹದವಾಗಿತ್ತು. ಹೇಳಲು ಹೋದರೆ ಅಳು ಬಂತು.

"ಸಾಲದಾ?" ಎಂದು ಗೋಡೆಯನ್ನೇ ನೋಡುತ್ತ ಕೇಳಿದರು.