ಮುಖವಿಲ್ಲದ ಚಿತ್ರಕ್ಕೊಂದು ಫ್ರೇಮ್

ಬಸವಕಲ್ಯಾಣದ ಬಾಡಿಗೆ ಕೋಣೆಯಲ್ಲಿ ನಾನೊಬ್ಬನೇ ಇರತೊಡಗಿ ಒಂಬತ್ತು ವರ್ಷವಾಯಿತು. ಮುಡಬಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಕಲಿಯುವಾಗ ಪಠ್ಯದಲ್ಲಿ ಹೆಬ್ಬೆರಳಗಲದ ಒಂದು ಸರ್ರಿಯಲಿಸ್ಟ್ ಚಿತ್ರ ನೋಡಿದ್ದೆ. ಸಮುದ್ರದ ನಡುವೆ ಮೇಜಿನ ಮುಂದೆ ಕುಳಿತ ಹೆಂಗಸು, ಮುಖವಿರಬೇಕಾದಲ್ಲಿ ತೆರೆದ ಕಿಟಕಿ. ಕನಸಿನಲ್ಲಿ ಕಂಡಂತೆ ಬರೆದದ್ದು. ಕಳೆದ ಚಳಿಗಾಲದಲ್ಲಿ ಅದರ ಮ್ಯೂಸಿಯಂ ದರ್ಜೆಯ ಪ್ರಿಂಟ್ ಆನ್‌ಲೈನಿನಲ್ಲಿ ಸಿಕ್ಕಿತು. ಹತ್ತಿಯ ದಪ್ಪ ಕಾಗದ, ಮಾಸದ ಶಾಯಿ. ತರಿಸಿದೆ.

ಪಾರ್ಸೆಲ್ ಹುಮನಾಬಾದಿನವರೆಗಷ್ಟೇ ಬಂತು. ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿನ ಕೊರಿಯರ್ ಆಫೀಸಿಗೆ ಹೋಗಿ ಬಿಡಿಸಿಕೊಂಡೆ. ಅಲ್ಲೇ ಒಂದು ಫ್ರೇಮಿನ ಅಂಗಡಿ ಇತ್ತು. ಗೋಡೆ ತುಂಬ ದೇವರು, ತೀರಿಕೊಂಡವರು. ವಯಸ್ಸಾದ ಅಂಗಡಿಯವರು ಕಾಗದ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡರು.

“ಯಾರ ಫೋಟೋರಿ ಇದು? ಮಾರೀನೇ ಇಲ್ಲಲ್ಲ.”

“ಫೋಟೋ ಅಲ್ಲ ಕಾಕಾ. ಚಿತ್ರ. ಕನಸು ಬಿದ್ದಂಗ ತೆಗೆದಾರ.”

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಅಂದರು, “ನಮ್ಮಾಕಿನೂ ಹಿಂಗೇ ಬರತಾಳ್ರಿ ಕನಸಿನಾಗ. ಸೀರಿ ಕಾಣತೈತಿ, ಕೈ ಕಾಣತಾವ. ಮಾರಿ ಕಾಣಂಗಿಲ್ಲ. ತೀರಿ ಹೋಗಿ ಮೂವತ್ತು ವರ್ಷ ಆತು. ಊರ ಮಂದಿ ಫೋಟೋಕ್ಕೆಲ್ಲ ಕಟ್ಟು ಹಾಕೀನಿ, ಆಕೀದು ಒಂದೂ ತೆಗೆಸಲಿಲ್ಲ.”

“ಹೆಂಗಿದ್ರು ಹೇಳ್ರಿ, ನಾ ಚಿತ್ರ ತೆಗೀತೀನಿ,” ಎಂದುಬಿಟ್ಟೆ.

ಚೀಲದಲ್ಲಿ ಪೆನ್ಸಿಲ್ ಇತ್ತು, ಅವರು ಒಂದು ರಟ್ಟು ಕೊಟ್ಟರು. ಮೂಗು ಸಣ್ಣದು ಎಂದರು, ಬರೆದೆ. ಅಲ್ಲ ಎಂದರು, ಅಳಿಸಿದೆ. ಹಣೆ, ಕಣ್ಣು, ತುಟಿ. ಗಿರಾಕಿಗಳು ಬಂದರೆ ಅವರೇ ನಾಳೆ ಬರಲು ಹೇಳಿ ಕಳಿಸುತ್ತಿದ್ದರು. ಒಂದು ತಾಸಾದರೂ ಕಳೆದಿರಬೇಕು. ಕೊನೆಗೆ ರಟ್ಟನ್ನು ಬೆಳಕಿಗೆ ಹಿಡಿದರು.

“ಮಾರಿ ಆಕೀದಲ್ಲ ಬಿಡ್ರಿ. ಆದ್ರ ಕುತ್ತಿಗಿ ಆಕೀದೇ.”

ಮುಖವನ್ನು ಅಳಿಸಲಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿ, ರಟ್ಟನ್ನು ಗಲ್ಲಾದೊಳಗೆ ಇಟ್ಟರು. ಆಮೇಲೆ ಸಾಗವಾನಿ ಪಟ್ಟಿ ಕತ್ತರಿಸಿ, ಗಾಜು ಕೂಡಿಸಿ, ನನ್ನ ಚಿತ್ರಕ್ಕೆ ಫ್ರೇಮ್ ಹಾಕಿಕೊಟ್ಟರು.

ಬಸ್ಸಿನಲ್ಲಿ ಅದನ್ನು ಮೊಣಕಾಲಿಗೆ ಒರಗಿಸಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಮೊಳೆ ಹೊಡೆದು ತೂಗುಹಾಕಿದೆ. ಚಿತ್ರ ಇಷ್ಟು ದೊಡ್ಡದಾಗಿ ಕಂಡ ಮೇಲೆ ತಿಳಿಯಿತು, ಆ ಕಿಟಕಿಯೊಳಗೂ ಸಮುದ್ರವೇ ಇದೆ. ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ಒಂಬತ್ತು ವರ್ಷದಿಂದ ಇರುವ ಊರಿನಲ್ಲಿ ಒಬ್ಬರೂ ನೆನಪಾಗಲಿಲ್ಲ. ನೆನಪಾದವರು ಹುಮನಾಬಾದಿನ ಆ ಅಂಗಡಿಯವರೊಬ್ಬರೇ. ಅವರ ಫೋನ್ ನಂಬರ್ ನಾನು ಕೇಳಿರಲಿಲ್ಲ.